ಕಡಲ ಮೇಲೆ ದಾರಿ ತಪ್ಪಿದ ಪುಟ್ಟ ವಿಮಾನಕ್ಕೆ ನೆರವು ಸಿಗುವ ಬಗೆ

ಹೊತ್ತು ಮೀರಿದರೂ ದ್ವೀಪ ಕಾಣದಿದ್ದಾಗ ಒಬ್ಬಂಟಿ ಪೈಲಟ್ ಮಾಡುವ ದೊಡ್ಡ ತಪ್ಪೆಂದರೆ ಸುಮ್ಮನಿರುವುದು. ‘ಇನ್ನು ಹತ್ತು ನಿಮಿಷ ನೋಡೋಣ’ ಎಂದು ಇಂಧನ ಸುಡಬೇಡಿ. ರೆಕ್ಕೆ ಸಮಮಟ್ಟದಲ್ಲಿರಲಿ, ವೇಗ ಬೀಳದಿರಲಿ. ಅದಾದ ಕೂಡಲೇ ತುರ್ತು ಕರೆಯ 121.5 ಮೆಗಾಹರ್ಟ್ಸ್‌ನಲ್ಲಿ ಮೂರು ಸಲ ‘ಮೇಡೇ’ (ಅಪಾಯದ ಕರೆ) ಎನ್ನಿ, ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ತುರ್ತು ಸಂಕೇತವಾದ 7700 ಹಾಕಿ. ಕರೆಹೆಸರು (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು), ಕೊನೆಗೆ ಖಚಿತವಿದ್ದ ಜಾಗ ಮತ್ತು ಸಮಯ, ಈಗಿನ ದಿಕ್ಕು, ಎತ್ತರ, ಒಳಗಿರುವ ಜನ ಎಲ್ಲವನ್ನೂ ಹೇಳಿ. ಉಳಿದ ಇಂಧನವನ್ನು ಲೀಟರಿನಲ್ಲಲ್ಲ, ಗಂಟೆ–ನಿಮಿಷದಲ್ಲಿ ಹೇಳಿ.

ಉತ್ತರ ಬಾರದಿದ್ದರೆ ಮೋಡಕ್ಕೆ ಸಿಗದಂತೆ ಮೇಲೇರಿ. ವಿಮಾನದ ರೇಡಿಯೊ ಬಳಸುವ ವಿಎಚ್‌ಎಫ್ ಅಲೆ ನೇರ ಗೆರೆಯಲ್ಲಿ ಸಾಗುತ್ತದೆ. ಅಡಿಗಳಲ್ಲಿರುವ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಅದು ತಲುಪುವ ದೂರ ನಾಟಿಕಲ್ ಮೈಲಿಯಲ್ಲಿ (ಸುಮಾರು 1.85 ಕಿ.ಮೀ.; ಮುಂದೆ ಮೈಲಿಯೆಂದರೆ ಇದೇ) ಸಿಗುತ್ತದೆ: 1,000 ಅಡಿಯಲ್ಲಿ 39, 9,000 ಅಡಿಯಲ್ಲಿ 117. ಕರೆ ಕೇಳಿಸಿಕೊಳ್ಳುವವರು 33,000 ಅಡಿಯಲ್ಲಿ ಹಾರುತ್ತಿದ್ದರೆ ಅವರ 223 ಮೈಲಿಯೂ ಇದಕ್ಕೆ ಸೇರುತ್ತದೆ. ನೆಲದಲ್ಲಿ ಯಾರಿಗೂ ಕೇಳದ ದನಿ ದೂರದ ಪ್ರಯಾಣಿಕರ ಜೆಟ್‌ಗೆ ಕೇಳುವುದು ಹೀಗೆ. ಆಸೆ ಬಿಡದೆ ಕರೆಯುತ್ತಲೇ ಇರಿ.

1978ರ ಡಿಸೆಂಬರ್‌ನಲ್ಲಿ ಜೇ ಪ್ರಾಕ್ನೋ ಅವರ ಸೆಸ್ನಾ 188 ನಾರ್ಫೋಕ್ ದ್ವೀಪ ಸಿಗದೆ ಪೆಸಿಫಿಕ್ ಮೇಲೆ ಅಲೆಯುತ್ತಿತ್ತು. ನೆಲದ ರೇಡಿಯೊ ಕೇಂದ್ರದ ದಿಕ್ಕು ತೋರಿಸುವ ಎಡಿಎಫ್ ಸಾಧನ ಕೈಕೊಟ್ಟಿತ್ತು. ಫಿಜಿಯಿಂದ ಆಕ್ಲೆಂಡ್‌ಗೆ ಹೊರಟಿದ್ದ ಏರ್ ನ್ಯೂಜಿಲೆಂಡ್ ಡಿಸಿ-10 ಜೆಟ್‌ನ ಕ್ಯಾಪ್ಟನ್ ಗಾರ್ಡನ್ ವೆಟ್ ಅವರು ರೇಡಿಯೊ ಮತ್ತು ಇಳಿಯುವ ಸೂರ್ಯನನ್ನು ಬಳಸಿ ಅವರನ್ನು ಹುಡುಕಿದರು. ಸೆಸ್ನಾ ಕೊನೆಗೆ ನಾರ್ಫೋಕ್‌ನಲ್ಲೇ ಇಳಿಯಿತು, 23 ಗಂಟೆಗೂ ಹೆಚ್ಚು ಹಾರಿದ ಮೇಲೆ.

ಸೂರ್ಯನ ಆ ಲೆಕ್ಕ ಇಂದಿಗೂ ಕಲಿಯತಕ್ಕದ್ದು. ಎರಡೂ ವಿಮಾನಗಳ ಪೈಲಟ್‌ಗಳು ತೋಳು ಪೂರ್ತಿ ಚಾಚಿ, ದಿಗಂತ ಮತ್ತು ಸೂರ್ಯನ ನಡುವೆ ಎಷ್ಟು ಬೆರಳು ಹಿಡಿಯುತ್ತವೆಂದು ಅಳೆಯಬೇಕು. ಒಂದು ಬೆರಳೆಂದರೆ ಸುಮಾರು 2 ಡಿಗ್ರಿ, ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಸಂಜೆ ಸೂರ್ಯ ಯಾರಿಗೆ ಹೆಚ್ಚು ಮೇಲಿದ್ದಾನೋ ಅವರು ಹೆಚ್ಚು ಪಶ್ಚಿಮಕ್ಕಿದ್ದಾರೆ. ಎಡವುವುದು ಇಲ್ಲೇ: 33,000 ಅಡಿಯಿಂದ ದಿಗಂತ ಸುಮಾರು 3 ಡಿಗ್ರಿ ಕೆಳಗೆ ಕಾಣುತ್ತದೆ. ಜೆಟ್‌ನ ಅಳತೆಯಿಂದ ಅದನ್ನು ಕಳೆಯದಿದ್ದರೆ 180 ಮೈಲಿ ತಪ್ಪು. ಸೂರ್ಯಾಸ್ತದ ಸಮಯವನ್ನೂ ಹೋಲಿಸಬಹುದು. ನಾರ್ಫೋಕ್ ಅಕ್ಷಾಂಶದಲ್ಲಿ ಒಂದು ನಿಮಿಷದ ಅಂತರ ಸುಮಾರು 13 ಮೈಲಿ. ಇದಕ್ಕೂ ಎತ್ತರದ ತಿದ್ದುಪಡಿ ಬೇಕೇ ಬೇಕು.

ರೇಡಿಯೊದಿಂದಲೂ ಜಾಗ ಹಿಡಿಯಬಹುದು. ಜೆಟ್ ನೇರವಾಗಿ ಹಾರುತ್ತ ದನಿ ಶುರುವಾದ, ನಿಂತ ಬಿಂದುಗಳನ್ನು ನಕ್ಷೆಯಲ್ಲಿ ಗುರುತಿಸಿ ಗೆರೆಯಿಂದ ಕೂಡಿಸಲಿ, ಆಮೇಲೆ ದಿಕ್ಕು ಬದಲಿಸಿ ಮತ್ತೊಮ್ಮೆ ಹಾಗೇ ಮಾಡಲಿ. ಎರಡೂ ಗೆರೆಗಳ ಮಧ್ಯಬಿಂದುವಿನಿಂದ ಎಳೆದ ಲಂಬಗಳು ಕೂಡುವಲ್ಲಿ ಕಳೆದುಹೋದ ವಿಮಾನವಿರುತ್ತದೆ. ಆ ಹೊತ್ತಿನಲ್ಲಿ ನೀವು ಒಂದೇ ಎತ್ತರದಲ್ಲಿ, ಒಂದೇ ಜಾಗದ ಮೇಲೆ ನಿಧಾನವಾಗಿ ಸುತ್ತುತ್ತಿರಬೇಕು. ಸರಿದರೆ ಲೆಕ್ಕ ಕೆಡುತ್ತದೆ.

ತಿರುಗುವ ಚಕ್ರದಿಂದ ದಿಕ್ಕು ತೋರಿಸುವ ಡೈರೆಕ್ಷನಲ್ ಗೈರೊ ತಾನಾಗಿ ಜಾರುತ್ತದೆ. 15 ನಿಮಿಷಕ್ಕೊಮ್ಮೆ, ನೇರ–ಸಮ ಹಾರಾಟದಲ್ಲಿ, ಕಾಂತೀಯ ದಿಕ್ಸೂಚಿಗೆ ಹೊಂದಿಸಿ. ಮೊಬೈಲ್, ಹೆಡ್‌ಸೆಟ್ ದಿಕ್ಸೂಚಿಯ ಹತ್ತಿರ ಬೇಡ.

ನೀರಿಗಿಳಿಯುವುದೇ ಗತಿಯಾದರೆ ಎಂಜಿನ್ ನಿಲ್ಲುವ ಮುಂಚೆ, ಬೆಳಕಿರುವಾಗಲೇ ತೀರ್ಮಾನಿಸಿ. ದೊಡ್ಡ ಅಲೆಗಳ ಸಾಲಿಗೆ ಸಮಾನಾಂತರವಾಗಿ ಇಳಿಯಿರಿ. ಲೈಫ್ ಜಾಕೆಟ್ ಮೊದಲೇ ತೊಟ್ಟಿರಿ. ಆದರೆ ಗಾಳಿ ತುಂಬುವುದು ಬಾಗಿಲಿನಿಂದ ಹೊರಬಂದ ಮೇಲೆಯೇ. ಒಳಗೇ ಉಬ್ಬಿಸಿದರೆ ಅದು ನಿಮ್ಮನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ.