ಕೋಡ್ ಬರುತ್ತೆ, ಲೆಕ್ಕ ಸರಿ ಬರುತ್ತಾ?

ವರ್ಷಗಟ್ಟಲೆ ಕೋಡ್ ಬರೆದವರಿಗೆ ನ್ಯೂಮರಿಕಲ್ ಪ್ರೋಗ್ರಾಮಿಂಗ್‌ನ ಕಿರು ಕೋರ್ಸ್, ಮನೆಯ ಮಳೆ ಪುಸ್ತಕವನ್ನೇ ಪಠ್ಯವಾಗಿಟ್ಟುಕೊಂಡು

ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುವುದು ರೂಢಿ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. 'ನಿನ್ನೆ ನಿಮ್ಮಲ್ಲಿ ಎಷ್ಟು?' ಅಂದರೆ 'ಎರಡು ಇಂಚು ಮೂವತ್ತೈದು ಸೆಂಟ್' ಅನ್ನುವ ಉತ್ತರ ಬರುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. ಅಂಥ ಮನೆಗಳಲ್ಲೇ ಈಗ ಬೆಂಗಳೂರಿನ ಕಂಪನಿಗೆ ಕೂತಲ್ಲಿಂದ ಕೆಲಸ ಮಾಡುವ ಸಾಫ್ಟ್‌ವೇರ್ ಮಂದಿಯೂ ಇದ್ದಾರೆ. ವೆಬ್‌ಸೈಟ್, ಆ್ಯಪ್, ಡೇಟಾಬೇಸ್ ಎಲ್ಲ ಅವರಿಗೆ ಸಲೀಸು. ಆದರೆ ದಶಮಾಂಶದ ಸಂಖ್ಯೆಗಳನ್ನು ಕಂಪ್ಯೂಟರ್ ಹೇಗೆ ಇಟ್ಟುಕೊಳ್ಳುತ್ತದೆ ಅಂತ ನಿಂತು ನೋಡಿದವರು ಕಡಿಮೆ. ಈ ಲೇಖನ ಅವರಿಗಾಗಿ.

ಇಂಥ ಸಂಖ್ಯೆಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡುವುದೇ ನ್ಯೂಮರಿಕಲ್ ಪ್ರೋಗ್ರಾಮಿಂಗ್. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಕಿರು ಕೋರ್ಸ್‌ಗಳಿರುತ್ತವೆ. ಅಮೆರಿಕದ ಎಂಐಟಿಯಲ್ಲಿ ಎರಡು ಸೆಮಿಸ್ಟರ್‌ಗಳ ನಡುವೆ ಜನವರಿಯಲ್ಲಿ ಇಂಥ ಕಲಿಕೆಗೆ ಜಾಗ ಬಿಟ್ಟಿರುತ್ತಾರೆ. ಕೋಡಿಂಗ್ ಗೊತ್ತಿದ್ದವರ ತರಗತಿಯಲ್ಲಿ ಲೂಪ್ ಅಂದರೇನು, ಫಂಕ್ಷನ್ ಅಂದರೇನು ಅಂತ ಹೇಳುತ್ತಾ ಕೂರುವ ಅಗತ್ಯವಿಲ್ಲ. ನೇರ ಸಂಖ್ಯೆಯಿಂದಲೇ ಶುರು ಮಾಡಬಹುದು. ಅದೇ ಕ್ರಮವನ್ನು ಮನೆಯಲ್ಲೂ ಹಿಡಿಯಬಹುದು.

ಮೊದಲು ಸಲಕರಣೆ. ಪೈಥಾನ್ ಭಾಷೆ ಮತ್ತು ಅದರಲ್ಲಿ ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ನಮ್‌ಪೈ ಲೈಬ್ರರಿ ಸಾಕು. ಆಕ್ಟೇವ್ ಅಥವಾ ಜೂಲಿಯಾ ಆದರೂ ಆಯಿತು. ಎಲ್ಲವೂ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದು ನಮಗೆ ಗೊತ್ತಿದ್ದದ್ದೇ, ಹಾಗಾಗಿ ಮುಂಗಾರಿಗೆ ಮುಂಚೆಯೇ ಕೈಪಿಡಿ ಸಮೇತ ಇಳಿಸಿಟ್ಟುಕೊಳ್ಳಿ.

ಹೆಜ್ಜೆ 1: ಸಂಖ್ಯೆಯನ್ನು ಅನುಮಾನಿಸಿ

ಪೈಥಾನ್ ತೆರೆದು 0.1ಕ್ಕೆ 0.2 ಕೂಡಿಸಿ. 0.30000000000000004 ಬರುತ್ತದೆ. ಇದು ಪೈಥಾನ್‌ನ ತಪ್ಪಲ್ಲ. 1985ರಲ್ಲಿ ಬಂದ ಐಇಇಇ 754 ಅನ್ನುವ ನಿಯಮದ ಪ್ರಕಾರ ಒಂದು ಸಾಮಾನ್ಯ ದಶಮಾಂಶ ಸಂಖ್ಯೆಗೆ 64 ಬಿಟ್ ಜಾಗ. ಅದರಲ್ಲಿ 1 ಬಿಟ್ ಚಿಹ್ನೆಗೆ, 11 ಘಾತಕ್ಕೆ, ಉಳಿದ 52 ಅಂಕಿಗಳಿಗೆ. ಹತ್ತರಲ್ಲಿ ಒಂದು ಭಾಗವನ್ನು ಎರಡರ ಲೆಕ್ಕದಲ್ಲಿ ಬರೆಯಹೊರಟರೆ ಅದು ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಸುಮಾರು 15 ಅಂಕಿಗಳವರೆಗೆ ನಂಬಬಹುದು, ಅದರಾಚೆ ಇಲ್ಲ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಆದದ್ದನ್ನು ನೋಡಿ. ಶತ್ರುವಿನ ಕ್ಷಿಪಣಿ ತಡೆಯುವ ಪೇಟ್ರಿಯಟ್ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ತಿರುಗಿಸಲು ಬಳಸಿದ 0.1 ಅನ್ನುವ ಸಂಖ್ಯೆ 24 ಬಿಟ್‌ಗೆ ಕತ್ತರಿಸಿದ್ದು. ಯಂತ್ರ ಸುಮಾರು 100 ಗಂಟೆ ಬಿಡದೆ ಓಡಿತ್ತು. ಅಷ್ಟರಲ್ಲಿ ಸಮಯ 0.34 ಸೆಕೆಂಡ್ ತಪ್ಪಿತ್ತು. ಒಳಬರುವ ಸ್ಕಡ್ ಕ್ಷಿಪಣಿ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರ ಹೋಗುತ್ತದೆ. ತಡೆಯಲಾಗಲಿಲ್ಲ, 28 ಸೈನಿಕರು ಸತ್ತರು. ಸಣ್ಣ ತಪ್ಪು ಸುಮ್ನೆ ಕೂರುವುದಿಲ್ಲ, ಕೂಡುತ್ತಾ ಹೋಗುತ್ತದೆ.

ಈಗ ನಿಮ್ಮ ಮಳೆ ಪುಸ್ತಕ ತೆಗೆಯಿರಿ. ದಿನಕ್ಕೆ 10 ಸೆಂಟ್‌ನಂತೆ ಹತ್ತು ದಿನ ಮಳೆ ಬಂತು ಅಂದುಕೊಳ್ಳಿ. ಲೂಪ್ ಹಾಕಿ 0.1 ಇಂಚನ್ನು ಹತ್ತು ಸಲ ಕೂಡಿಸಿದರೆ 0.9999999999999999 ಬರುತ್ತದೆ. 'ಒಟ್ಟು ಒಂದು ಇಂಚಿಗೆ ಸಮವಾ?' ಅಂತ ಕೋಡ್‌ನಲ್ಲಿ ಕೇಳಿದರೆ ಇಲ್ಲ ಅನ್ನುತ್ತದೆ. ಗಮನಿಸಿ, ಪೈಥಾನ್ 3.12ರಿಂದ ಈಚೆಗೆ 'ಸಮ್' ಫಂಕ್ಷನ್ ಈ ತಪ್ಪನ್ನು ತಾನೇ ಸರಿಪಡಿಸುತ್ತದೆ. ಅದಕ್ಕೇ ಲೂಪ್ ಹಾಕಿ ನೋಡಿ ಅಂದದ್ದು. ಪೈಥಾನ್‌ನದೇ 'ಎಫ್‌ಸಮ್' ಅನ್ನುವ ಇನ್ನೊಂದು ಫಂಕ್ಷನ್ ಹಳೆಯ ಆವೃತ್ತಿಗಳಲ್ಲೂ ಸರಿಯಾಗಿ 1 ಕೊಡುತ್ತದೆ.

ಇದಕ್ಕೆ ಪರಿಹಾರ ನಮ್ಮ ರೂಢಿಯಲ್ಲೇ ಇದೆ. ಸೆಂಟ್ ಅಂದರೆ ಪೂರ್ಣಾಂಕ. 2.35 ಅಂತ ಬರೆಯುವ ಬದಲು 235 ಅಂತ ಇಟ್ಟುಕೊಂಡರೆ ಎಷ್ಟು ವರ್ಷದ ಲೆಕ್ಕ ಕೂಡಿಸಿದರೂ ಒಂದು ಸೆಂಟ್ ಆಚೀಚೆ ಆಗುವುದಿಲ್ಲ. ಮಿಲಿಮೀಟರ್ ಬೇಕಿದ್ದರೆ ಕೊನೆಯಲ್ಲಿ ಒಂದೇ ಸಲ 0.254ರಿಂದ ಗುಣಿಸಿ. ಪೂರ್ಣಾಂಕ ಮಾಡಲಾಗದ ಅಳತೆಗಳಲ್ಲಿ ಮಾತ್ರ 'ಸಮವಾ' ಅನ್ನುವ ಪ್ರಶ್ನೆ ಬಿಟ್ಟು 'ಎಷ್ಟು ಹತ್ತಿರ' ಅಂತ ಕೇಳುವುದನ್ನು ರೂಢಿಸಿಕೊಳ್ಳಿ. ಅನುಭವಿ ಕೋಡರ್‌ಗೆ ಈ ಕೋರ್ಸ್‌ನಲ್ಲಿ ಕಷ್ಟವಾಗುವುದು ಇದೇ. ಉತ್ತರ ಸರಿಯೋ ತಪ್ಪೋ ಅನ್ನುವುದಕ್ಕಿಂತ ಎಷ್ಟು ತಪ್ಪು, ಆ ತಪ್ಪಿನ ಮಿತಿ ನನಗೆ ಗೊತ್ತಾ ಅನ್ನುವುದು ಇಲ್ಲಿ ಮುಖ್ಯ.

ಹೆಜ್ಜೆ 2: ಪುಸ್ತಕದಿಂದ ಅರೆಗೆ

ಒಂದು ವರ್ಷದ ಪುಟಗಳನ್ನು ಟೈಪ್ ಮಾಡಿ ನಮ್‌ಪೈ ಅರೆಗೆ (array, ಅಂದರೆ ಸಂಖ್ಯೆಗಳನ್ನು ಸಾಲಾಗಿ ಇಡುವ ಪಟ್ಟಿ) ಹಾಕಿ. ನಿಜವಾದ ಪಾಠ ಇಲ್ಲಿದೆ. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನಗಳು ಇದ್ದೇ ಇರುತ್ತವೆ. ಅಂದು ಮಳೆ ಬರಲಿಲ್ಲವಾ, ಅಥವಾ ಮನೆಯವರೆಲ್ಲ ಮದುವೆಗೆ ಹೋಗಿ ಅಳೆಯುವವರೇ ಇರಲಿಲ್ಲವಾ? ಎರಡೂ ಒಂದೇ ಅಲ್ಲ. ಜುಲೈನಲ್ಲಿ ಖಾಲಿ ಬಿಟ್ಟ ದಿನಕ್ಕೆ ಸೊನ್ನೆ ತುಂಬಿದರೆ ತಿಂಗಳ ಸರಾಸರಿಯೇ ಕೆಟ್ಟುಹೋಗುತ್ತದೆ. ಗೊತ್ತಿಲ್ಲದ ಕಡೆ 'ನ್ಯಾನ್' ಹಾಕಿ, ಅಂದರೆ 'ಸಂಖ್ಯೆ ಅಲ್ಲ' ಅನ್ನುವ ಗುರುತು. ಅದು ಒಂದು ಕಡೆ ಇದ್ದರೂ ಒಟ್ಟು ಮೊತ್ತ ನ್ಯಾನ್ ಆಗುತ್ತದೆ, ತನಗೆ ತಾನೇ ಸಮವೂ ಅಲ್ಲ. ಕಿರಿಕಿರಿ ಅನ್ನಿಸಿದರೂ ಅದು ಒಳ್ಳೆಯದೇ, ಡೇಟಾ ಕಾಣೆಯಾಗಿದೆ ಅಂತ ಕೂಗಿ ಹೇಳುತ್ತದೆ. 'ನ್ಯಾನ್‌ಸಮ್' ಬಳಸಿ ಬಾಯಿ ಮುಚ್ಚಿಸಿದರೆ ಅದು ಒಳಗೊಳಗೇ ಸೊನ್ನೆ ತುಂಬಿದ ಹಾಗೆ. ಮೊದಲು ಎಷ್ಟು ದಿನ ಕಾಣೆ ಅಂತ ಎಣಿಸಿ, ಅಪ್ಪ ಅಮ್ಮನನ್ನೋ ಎಸ್ಟೇಟಿನ ರೈಟರನ್ನೋ ಕೇಳಿ, ಆಮೇಲೆ ತೀರ್ಮಾನಿಸಿ. ನ್ಯಾನ್ ಇರುವುದು ದಶಮಾಂಶದ ಅರೆಯಲ್ಲಿ ಮಾತ್ರ, ಆದರೆ ಅದರಲ್ಲೂ 235ರಂಥ ಪೂರ್ಣ ಸಂಖ್ಯೆಗಳು ಚಾಚೂ ತಪ್ಪದೆ ಉಳಿಯುತ್ತವೆ, ಚಿಂತೆ ಬೇಡ.

ಪೈಥಾನ್ ಬಲ್ಲವರು ಎಡವುವ ಜಾಗಗಳು ಇನ್ನೆರಡಿವೆ. ಲಿಸ್ಟ್‌ನ ತುಂಡು ಕತ್ತರಿಸಿದರೆ ಹೊಸ ಪ್ರತಿ ಸಿಗುತ್ತದೆ. ನಮ್‌ಪೈ ಅರೆಯ ತುಂಡು ಹಾಗಲ್ಲ, ಅದು ಮೂಲದ ಮೇಲಿನ ಕಿಟಕಿ ಅಷ್ಟೆ. ಜೂನ್ ತಿಂಗಳನ್ನು ಬೇರೆ ಹೆಸರಿಗೆ ತೆಗೆದುಕೊಂಡು ತಿದ್ದಿದರೆ ವರ್ಷದ ಅರೆಯೂ ತಿದ್ದಿಹೋಗುತ್ತದೆ. ಎರಡನೆಯದು, ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿ ಇಲ್ಲ, ನಮ್‌ಪೈನದಕ್ಕೆ ಇದೆ. 16 ಬಿಟ್‌ನ ಅರೆಯಲ್ಲಿ 400 ಇಟ್ಟು 100ರಿಂದ ಗುಣಿಸಿದರೆ ಮೈನಸ್ 25536 ಬರುತ್ತದೆ, ಎಚ್ಚರಿಕೆಯೂ ಇಲ್ಲ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ನಾಶವಾಗಿದ್ದು 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ತುರುಕಲು ಹೋಗಿ.

ಹೆಜ್ಜೆ 3: ಕಳೆಯುವಾಗ ಹುಷಾರು

ಹೆಚ್ಚುಕಡಿಮೆ ಒಂದೇ ಆಗಿರುವ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದರೆ ನಂಬಿಕಸ್ಥ ಅಂಕಿಗಳೆಲ್ಲ ಹೊಡೆದುಹೋಗಿ ಕಸ ಉಳಿಯುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ವರ್ಗ ಸಮೀಕರಣದ ಸೂತ್ರದಲ್ಲೇ ಇದನ್ನು ನೋಡಬಹುದು. ಎಕ್ಸ್‌ನ ವರ್ಗದಿಂದ 10 ಕೋಟಿ ಎಕ್ಸ್ ಕಳೆದು 1 ಕೂಡಿದರೆ ಸೊನ್ನೆ, ಇದು ಸಮೀಕರಣ. ಇದರ ಚಿಕ್ಕ ಉತ್ತರ 0.00000001. ಸೂತ್ರವನ್ನು ಹಾಗೇ ಕೋಡ್ ಮಾಡಿದರೆ 0.00000000745 ಬರುತ್ತದೆ, ಅಂದರೆ ನೂರಕ್ಕೆ 25ರಷ್ಟು ತಪ್ಪು! ದೊಡ್ಡ ಉತ್ತರವನ್ನು ಸೂತ್ರದಿಂದ ತೆಗೆದು, 1ನ್ನು ಅದರಿಂದ ಭಾಗಿಸಿ ನೋಡಿ. ಚಿಕ್ಕದು ಸರಿಯಾಗಿ ಸಿಗುತ್ತದೆ. ಗಣಿತದಲ್ಲಿ ಎರಡೂ ದಾರಿ ಒಂದೇ, ಕಂಪ್ಯೂಟರಿನಲ್ಲಿ ಅಲ್ಲ.

ಹೆಜ್ಜೆ 4: ಕೆರೆಯಲ್ಲಿ ನೀರೆಷ್ಟು?

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಇದು. ಇಂಟಿಗ್ರೇಷನ್, ಅಂದರೆ ರೇಖೆಯ ಕೆಳಗಿನ ವಿಸ್ತೀರ್ಣ ತೆಗೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಕೆರೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಐದೈದು ಮೀಟರಿಗೆ ಬಿದಿರಿನ ಗಳ ಇಳಿಸಿ ಆಳ ಬರೆದುಕೊಳ್ಳಿ. 0, 1.2, 2.0, 1.6, 0 ಮೀಟರ್ ಸಿಕ್ಕಿತು ಅಂದುಕೊಳ್ಳಿ. ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸುವ ಟ್ರೆಪಿಜಾಯ್ಡ್ ವಿಧಾನದಲ್ಲಿ ಆ ಅಡ್ಡಸೀಳಿನ ವಿಸ್ತೀರ್ಣ 24 ಚದರ ಮೀಟರ್. ಬಾಗಿದ ಗೆರೆಯಿಂದ ಜೋಡಿಸುವ ಸಿಂಪ್ಸನ್ ವಿಧಾನದಲ್ಲಿ 25.33. ಸಿಂಪ್ಸನ್ ಮೇಲು ಅಂತ ಪುಸ್ತಕದಲ್ಲಿ ಇರುತ್ತದೆ. ಅದು ನುಣುಪಾದ ರೇಖೆಗಳಿಗೆ ಹೇಳಿದ ಮಾತು. ಕೆಸರಿನ ತಳಕ್ಕೆ ಟ್ರೆಪಿಜಾಯ್ಡ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ವಿಧಾನ ಬದಲಿಸುವ ಬದಲು ಎರಡೂವರೆ ಮೀಟರಿಗೊಮ್ಮೆ ಅಳೆಯಿರಿ, ಹೆಚ್ಚು ಉಪಯೋಗ. ಹೀಗೆ ನಾಲ್ಕಾರು ಕಡೆ ಅಡ್ಡಸೀಳು ತೆಗೆದು ಉದ್ದಕ್ಕೂ ಇನ್ನೊಮ್ಮೆ ಅದೇ ವಿಧಾನ ಹಾಕಿದರೆ ಘನ ಮೀಟರ್ ಸಿಗುತ್ತದೆ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್, ಅಂದರೆ 103 ಘನ ಮೀಟರ್. ಭಾಗಿಸಿದರೆ ಎಷ್ಟು ಎಕರೆಗೆ ಸಾಕು ಅಂತ ಗೊತ್ತಾಗುತ್ತದೆ.

ಆದರೆ ಕೆರೆಯ ಲೆಕ್ಕಕ್ಕೆ ಇಳಿಯುವ ಮೊದಲು ಉತ್ತರ ಗೊತ್ತಿರುವ ಕಡೆ ನಿಮ್ಮ ಕೋಡನ್ನು ಪರೀಕ್ಷಿಸಿ. ಸೊನ್ನೆಯಿಂದ ಪೈವರೆಗೆ ಸೈನ್ ರೇಖೆಯ ಕೆಳಗಿನ ವಿಸ್ತೀರ್ಣ ಸರಿಯಾಗಿ 2. ಹತ್ತು ತುಂಡು ಮಾಡಿದರೆ ಟ್ರೆಪಿಜಾಯ್ಡ್ 1.98352 ಕೊಡಬೇಕು, ಇಪ್ಪತ್ತು ಮಾಡಿದರೆ 1.99589. ತುಂಡು ಅರ್ಧವಾದಾಗ ತಪ್ಪು ಕಾಲು ಭಾಗಕ್ಕೆ ಇಳಿದಿದೆ, ಅಲ್ವಾ? ಹಾಗೆ ಇಳಿಯದಿದ್ದರೆ ಉತ್ತರ ಎಷ್ಟೇ ಚೆನ್ನಾಗಿ ಕಂಡರೂ ಕೋಡ್‌ನಲ್ಲಿ ದೋಷ ಇದೆ. ಈ ಪರೀಕ್ಷೆಯನ್ನು ನಿಮ್ಮ ಯೂನಿಟ್ ಟೆಸ್ಟ್‌ಗಳ ಜೊತೆ ಸೇರಿಸಿಬಿಡಿ.

ಇಳಿಜಾರಿನ ಲೆಕ್ಕ, ಅಂದರೆ ರೇಖೆ ಒಂದು ಕಡೆ ಎಷ್ಟು ಕಡಿದಾಗಿದೆ ಅನ್ನುವುದು (ಡಿಫರೆನ್ಷಿಯೇಷನ್), ಇದಕ್ಕೆ ಉಲ್ಟಾ. ಅಲ್ಲಿ ಹತ್ತಿರದ ಎರಡು ಬಿಂದುಗಳ ಬೆಲೆ ಕಳೆದು ನಡುವಿನ ಅಂತರದಿಂದ ಭಾಗಿಸುತ್ತೇವೆ. ಆ ಅಂತರ, ಅಂದರೆ ಹೆಜ್ಜೆ, ಚಿಕ್ಕದಾದಷ್ಟೂ ಒಳ್ಳೆಯದಲ್ಲ. 1ರ ಹತ್ತಿರ ಹೆಜ್ಜೆಯನ್ನು ಹತ್ತರ ಮೈನಸ್ 8ನೇ ಘಾತದವರೆಗೆ ಇಳಿಸಿದರೆ ಉತ್ತರ ಸುಧಾರಿಸುತ್ತದೆ, ಅಲ್ಲಿಂದಾಚೆ ಕೆಡುತ್ತದೆ. ಮೈನಸ್ 16ಕ್ಕೆ ಹೋದರೆ ಸೊನ್ನೆಯೇ ಬರುತ್ತದೆ. ಯಾಕೆ ಅನ್ನುವುದಕ್ಕೆ ಮೂರನೇ ಹೆಜ್ಜೆಯಲ್ಲೇ ಉತ್ತರವಿದೆ.

ಹೆಜ್ಜೆ 5: ಸಮೀಕರಣಗಳ ಗುಂಪು

ಇದನ್ನು ಬೇಗ ಮುಗಿಸಬಹುದು. ಹಲವು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವಾಗ ಮ್ಯಾಟ್ರಿಕ್ಸ್‌ನ ವಿಲೋಮ (ಇನ್ವರ್ಸ್) ತೆಗೆದು ಗುಣಿಸಬೇಡಿ, ನಮ್‌ಪೈನ 'ಸಾಲ್ವ್' ಬಳಸಿ. ಜೊತೆಗೆ ಕಂಡಿಷನ್ ನಂಬರ್, ಅಂದರೆ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ದೊಡ್ಡದಾಗಬಹುದು ಅನ್ನುವ ಅಳತೆ, ನೋಡುವ ಅಭ್ಯಾಸ ಇರಲಿ. ಈ ತೊಂದರೆಗೆ ಹೆಸರಾದ ಹಿಲ್ಬರ್ಟ್ ಮ್ಯಾಟ್ರಿಕ್ಸ್ 10 ಸಾಲಿನದಾದರೆ ಅದು ಹತ್ತರ 13ನೇ ಘಾತವನ್ನೂ ದಾಟುತ್ತದೆ. ಅಂದರೆ ಕೈಯಲ್ಲಿರುವ 15-16 ಅಂಕಿಗಳಲ್ಲಿ 13 ಹೋದವು ಅಂತಲೇ ಲೆಕ್ಕ.

ಹೆಜ್ಜೆ 6: ಒಂದು ಪುಟ್ಟ ಪ್ರಾಜೆಕ್ಟ್

ಮಳೆ ಪುಸ್ತಕದ ಹತ್ತು ವರ್ಷವನ್ನಾದರೂ ಅರೆಗೆ ತಂದು ತಿಂಗಳ ಮೊತ್ತ, ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ, ಕಾಣೆಯಾದ ದಿನಗಳ ಎಣಿಕೆ ತೆಗೆಯಿರಿ. ಪ್ರತಿ ಉತ್ತರದ ಪಕ್ಕ ಅದು ಎಷ್ಟು ಆಚೀಚೆ ಇರಬಹುದು ಅಂತ ಬರೆಯಿರಿ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿಗಳ ನ್ಯೂಮರಿಕಲ್ ಮೆಥಡ್ಸ್ ಪಾಠಗಳಿವೆ. ನೋಡಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ. ಪಾಠ ಕೇಳುವಾಗ ಕೊಟ್ಟ ಉದಾಹರಣೆ ಬಿಟ್ಟು ನಿಮ್ಮ ಪುಸ್ತಕದ ಸಂಖ್ಯೆಗಳನ್ನೇ ಹಾಕಿ ನೋಡಿ.