ಲೋಕಲ್ ರೈಲಿನ ದಿನಚರಿಯಲ್ಲೂ ಯೇಸುವಿನ ಹತ್ತಿರ

ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದ ಸಿಎಸ್‌ಎಂಟಿ ನಿಲ್ದಾಣಕ್ಕೆ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆ ಮೀರುತ್ತದೆ. ಪ್ರಾರ್ಥನೆಯನ್ನೆಲ್ಲ ಆ ನೂಕುನುಗ್ಗಲಿಗೆ ಬಿಡಬೇಡಿ. ಮನೆ ಬಿಡುವ ಮುಂಚೆ ಹದಿನೈದು ನಿಮಿಷ ಎತ್ತಿಡಿ. ಯೇಸುವೂ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದನು (ಮಾರ್ಕ 1:35).

ಅಚ್ಚಾದ ಸತ್ಯವೇದವನ್ನೇ ತೆರೆಯಿರಿ. ಮೊಬೈಲ್‌ನಲ್ಲಿ ಓದಲು ಕೂತರೆ ಆಫೀಸಿನ ವಾಟ್ಸಾಪ್ ಸಂದೇಶ ಮೊದಲು ಕಣ್ಣಿಗೆ ಬೀಳುತ್ತದೆ. 16 ಅಧ್ಯಾಯಗಳ ಮಾರ್ಕನ ಸುವಾರ್ತೆಯಿಂದ ಶುರುಮಾಡಿ, ದಿನಕ್ಕೆ ಒಂದೇ ಘಟನೆ. ಉದಾಹರಣೆಗೆ ಕುರುಡ ಭಿಕ್ಷುಕ ಬಾರ್ತಿಮಾಯನದು (10:46-52) ಬರೀ ಏಳು ವಚನ. ಎರಡು ಸಲ ಓದಿ, ಎರಡನೆಯದು ಬಾಯಿಬಿಟ್ಟು. ಜನ ಗದರಿಸಿದಷ್ಟೂ ಅವನು ಜೋರಾಗಿ ಕೂಗುತ್ತಾನೆ, ಯೇಸು ನಿಲ್ಲುತ್ತಾನೆ, “ನಿನಗೇನು ಮಾಡಬೇಕು?” ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ನಿಮ್ಮ ಉತ್ತರವನ್ನು ಕನ್ನಡದಲ್ಲೇ ಹೇಳಿ. ದಿನವೆಲ್ಲ ಹಿಂದಿ, ಮರಾಠಿ ಆಡುವವರಿಗೂ ಅಳು ಬರುವುದು ತಾಯ್ನುಡಿಯಲ್ಲೇ.

ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ “ಯೇಸುವೇ, ಕರುಣಿಸು” ಎಂಬ ಬಾರ್ತಿಮಾಯನ ಕೂಗೇ ಸಾಕು, ಉಸಿರಿನ ಜೊತೆ.

ಹೆಚ್ಚಿನವರು ಸೋಲುವುದು ತಪ್ಪಿದ ದಿನಗಳ ಬಾಕಿ ತೀರಿಸಲು ಹೋಗಿ. ಮೂರು ದಿನ ತಪ್ಪಿತೇ? ಬಾಕಿ ಬಿಟ್ಟುಬಿಡಿ, ಇಂದಿನ ಭಾಗ ಓದಿ. ಭಾನುವಾರದ ಆರಾಧನೆ ಮಾತ್ರ ತಪ್ಪಿಸಬೇಡಿ.