ಮಕ್ಕಳು ಬಾಯಿಬಿಟ್ಟ ಮೇಲಿನ ಮೊದಲ ನಿಮಿಷ

"ಮನೆಯಲ್ಲಿ ಒಂದು ಮಾತೂ ಆಡಲ್ಲ ಮೇಡಂ" ಅಂತ ತಂದೆತಾಯಂದಿರು ನನ್ನ ಹತ್ತಿರ ಹೇಳುತ್ತಲೇ ಇರುತ್ತಾರೆ. ನಾನು ಹೈಸ್ಕೂಲ್ ಟೀಚರ್. ನನಗೂ ಹದಿನೈದರ ಮಗಳಿದ್ದಾಳೆ, ಅವಳಿಗಿಂತ ದೊಡ್ಡ ಮಗನಿದ್ದಾನೆ. ಮನೆಯಲ್ಲಿ ಮಾತಾಡದ ಅದೇ ಮಕ್ಕಳು ಕ್ಲಾಸಿನಲ್ಲಿ ಗೆಳೆಯರ ಜೊತೆ ಬಾಯಿ ಮುಚ್ಚುವುದೇ ಇಲ್ಲ. ಮನೆಯಲ್ಲಿ ಹೇಳಿದರೆ ಆಮೇಲೆ ಏನಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಸುಮ್ಮನಿರುತ್ತಾರೆ. ನಾವು ಬದಲಾಯಿಸಬೇಕಾದದ್ದು ಆ "ಆಮೇಲೆ"ಯನ್ನು.

ಮಗ ಬಂದು "ಅಮ್ಮಾ, ಟೆಸ್ಟ್‌ನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದೆ" ಅಂದ ಅಂದುಕೊಳ್ಳಿ. "ನಾಚಿಕೆ ಆಗಲ್ವಾ ನಿನಗೆ?" ಅನ್ನುವುದು ನಾಲಿಗೆಯ ತುದಿಗೇ ಬಂದಿರುತ್ತದೆ. ಅದನ್ನು ನುಂಗಿಕೊಳ್ಳಿ. ಕೈಯಲ್ಲಿರುವ ಕೆಲಸ ಬಿಟ್ಟು ಕೂತುಕೊಳ್ಳಿ. "ಹೂಂ, ಹೇಳು" ಅನ್ನಿ. ಅವನು ನಿಲ್ಲಿಸಿದರೆ "ಆಮೇಲೆ ಏನಾಯ್ತು?" ಅಂತ ಕೇಳಿ. ನಡುವೆ ಮೌನ ಬಂದರೆ ಬರಲಿ, ಅದನ್ನು ನಾವೇ ಮಾತಿನಿಂದ ತುಂಬುವ ಅವಸರ ಬೇಡ. ಪೂರ್ತಿ ಹೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ನಾನು ಕೇಳಿಸಿಕೊಂಡರೆ ಸಾಕಾ, ಇಲ್ಲ ನನ್ನಿಂದ ಏನಾದರೂ ಆಗಬೇಕಾ?" ಇಷ್ಟು ಉಪಯೋಗಕ್ಕೆ ಬಂದ ಪ್ರಶ್ನೆ ನನಗೆ ಇನ್ನೊಂದು ಸಿಕ್ಕಿಲ್ಲ. ನನ್ನ ಮಗಳು ಎಷ್ಟೋ ಸಲ "ಸುಮ್ನೆ ಕೇಳು ಸಾಕು" ಅನ್ನುತ್ತಾಳೆ. ಆಗ ನಾನು ಬುದ್ಧಿ ಹೇಳುವುದಿಲ್ಲ.

ಹಾಗಾದರೆ ತಪ್ಪು ಮಾಡಿದರೆ ಬಿಟ್ಟುಬಿಡಬೇಕಾ? ಖಂಡಿತ ಇಲ್ಲ. ಮಾಡಿದ್ದರ ಬಗ್ಗೆ ಮಾರನೆಯ ದಿನ ಗಟ್ಟಿಯಾಗಿಯೇ ಮಾತಾಡಿ. ಟೀಚರ ಹತ್ತಿರ ಹೋಗಿ ತಪ್ಪು ಒಪ್ಪಿಕೊಳ್ಳಬೇಕು ಅನ್ನಿ, ಬೇಕಿದ್ದರೆ ಜೊತೆಗೆ ಹೋಗಿ. ಆದರೆ ಬಂದು ಹೇಳಿದ್ದಕ್ಕೇ ಶಿಕ್ಷೆ ಆಯಿತು ಅಂತ ಮಗುವಿಗೆ ಅನ್ನಿಸಬಾರದು. "ನೀನಾಗಿಯೇ ಬಂದು ಹೇಳಿದ್ದು ಒಳ್ಳೆಯದಾಯ್ತು" ಅನ್ನುವ ಮಾತು ಅವತ್ತೇ ಬರಲಿ. ಸಿಟ್ಟು ತಡೆಯಲು ಆಗದಿದ್ದರೆ ಅದನ್ನೂ ನೇರವಾಗಿ ಹೇಳಬಹುದು: "ನನಗೆ ಈಗ ತುಂಬಾ ಸಿಟ್ಟು ಬಂದಿದೆ. ಅರ್ಧ ಗಂಟೆ ಬಿಟ್ಟು ಮಾತಾಡೋಣ." ಅರ್ಧ ಗಂಟೆ ಆದ ಮೇಲೆ ನೀವೇ ಎದ್ದು ಹೋಗಿ ಮಾತು ಶುರು ಮಾಡಬೇಕು, ಮಗು ಬರಲಿ ಅಂತ ಕಾಯಬಾರದು.

ಬುದ್ಧಿ ಹೇಳುವುದನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ ಅನ್ನುವುದಕ್ಕೆ ಮಿದುಳಿನ ಕಾರಣವೂ ಇದೆ. ಹಣೆಯ ಹಿಂದಿನ ಭಾಗ ಯೋಚಿಸಿ ತಡೆದು ನಡೆಯುವುದಕ್ಕೆ ಬೇಕಾದದ್ದು. ಅದು ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಹಿಡಿಯುತ್ತದೆ. ಭಯ, ಸಿಟ್ಟು, ಆಸೆಗಳ ಭಾಗ ಅದಕ್ಕಿಂತ ಮೊದಲೇ ಚುರುಕಾಗುತ್ತದೆ. ಶಾಂತವಾಗಿದ್ದಾಗ 16ರ ಹುಡುಗಿ ದೊಡ್ಡವರಷ್ಟೇ ಚೆನ್ನಾಗಿ ಯೋಚಿಸಬಲ್ಲಳು. ಅಳುತ್ತಿರುವಾಗ, ಕಿರುಚುತ್ತಿರುವಾಗ ನಿಮ್ಮ ಎಷ್ಟೇ ಒಳ್ಳೆಯ ಮಾತೂ ಅವಳೊಳಗೆ ಇಳಿಯುವುದಿಲ್ಲ.

ಹೊತ್ತನ್ನೂ ನೋಡಿಕೊಳ್ಳಬೇಕು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. 13ರಿಂದ 18ರವರೆಗಿನ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ಸ್ಕೂಲಿಗೆ ಬೇಗ ಏಳಲೇಬೇಕು. ಹಾಗಾಗಿ ಬೆಳಗ್ಗೆ ಮಾತಾಡಿಸಿದರೆ ಸಿಡುಕುವುದು ಸೊಕ್ಕಿನಿಂದಲೇ ಅಂತ ತಿಳಿಯಬೇಡಿ, ಜಾಸ್ತಿ ಸಲ ಅದು ನಿದ್ದೆಗೇಡು. ಸ್ಕೂಲಿಂದ ಬಂದ ತಕ್ಷಣವೂ ಬೇಡ. ಅವರಿಗೆ ಮಾತು ಬರುವುದು ನಾವು ಮಲಗಲು ಹೊರಟಾಗ. "ಈಗ ಬೇಡ, ನಾಳೆ ಹೇಳು" ಅಂದರೆ ಆ ನಾಳೆ ಬರುವುದು ಕಷ್ಟ. ಆಗುವುದಾದರೆ ಕೂತು ಕೇಳಿ.

ಎದುರೆದುರು ಕೂರಿಸಿ "ಮಾತಾಡಬೇಕು ನಿನ್ನ ಹತ್ತಿರ" ಅಂದರೆ ಯಾರಿಗಾದರೂ ಎದೆ ಡವಡವ ಅನ್ನುತ್ತದೆ. ಪಕ್ಕಪಕ್ಕದಲ್ಲಿ ಇದ್ದಾಗ ಹಾಗಾಗುವುದಿಲ್ಲ. ನನ್ನ ಮಗ ಮನಸ್ಸು ಬಿಚ್ಚುವುದು ಒಗೆದ ಬಟ್ಟೆ ಮಡಚುವಾಗ. ಕಣ್ಣು ಬಟ್ಟೆಯ ಮೇಲಿರುತ್ತದೆ, ಮಾತು ತಾನಾಗಿಯೇ ಬರುತ್ತದೆ. ನಡೆದು ಹೋಗುವಾಗ, ಗಾಡಿಯಲ್ಲಿ ಹೋಗುವಾಗಲೂ ಅಷ್ಟೇ.

"ಸ್ಕೂಲ್ ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತ ಅಲ್ಲಿಗೆ ಮುಗಿಯುತ್ತದೆ. "ಲ್ಯಾಬಲ್ಲಿ ಇವತ್ತು ನಿನ್ನ ಜೊತೆ ಯಾರಿದ್ದರು?" ಅಂತ ಕೇಳಿ ನೋಡಿ. "ಯಾಕೆ ಹೀಗೆ ಮಾಡಿದೆ?" ಬದಲು "ಏನಾಯ್ತು?" ಅನ್ನಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ದಿನವನ್ನೂ ಹೇಳಿ. ಸ್ಟಾಫ್ ರೂಮಿನಲ್ಲಿ ಏನಾದರೂ ಮನಸ್ತಾಪವಾದರೆ ನಾನು ಮಗಳ ಹತ್ತಿರ "ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳುತ್ತೇನೆ. ಅವಳ ಸಲಹೆ ಎಷ್ಟೋ ಸಲ ನನಗಿಂತ ಚೆನ್ನಾಗಿರುತ್ತದೆ. ಬರೀ ಮಾರ್ಕ್ಸ್ ಬಗ್ಗೆಯೇ ಕೇಳುತ್ತಿದ್ದರೆ ಅದು ವಿಚಾರಣೆ ಆಗುತ್ತದೆ, ಅಲ್ವಾ?

ಬೇರೆ ಮಕ್ಕಳ ಜೊತೆ ಹೋಲಿಸಬೇಡಿ. ಅವರು ನಂಬಿ ಹೇಳಿದ್ದನ್ನು ನೆಂಟರ ಮುಂದೆ ನಗುತ್ತಾ ಹೇಳಬೇಡಿ. ಒಂದೇ ಸಲ ಹಾಗಾದರೂ ಮತ್ತೆ ಹೇಳುವುದಿಲ್ಲ.

ಫೋನ್ ವಿಷಯದಲ್ಲಿ ನನಗೆ ತುಂಬಾ ಕಾಳಜಿ ಇದೆ. ಏನೇ ಆದರೂ "ಕೊಡು ಫೋನ್ ಇಲ್ಲಿ" ಅಂತ ಕಿತ್ತುಕೊಳ್ಳುವ ಮನೆಯಲ್ಲಿ ಮಕ್ಕಳು ನಿಜವಾದ ಅಪಾಯವನ್ನೂ ಮುಚ್ಚಿಡುತ್ತಾರೆ. ಫೋಟೋ ಇಟ್ಟುಕೊಂಡು ಹೆದರಿಸುವವರ ಬಲವೇ "ಅಪ್ಪ ಅಮ್ಮನಿಗೆ ಗೊತ್ತಾದರೆ" ಅನ್ನುವ ಭಯ. ಆದ್ದರಿಂದ ಏನೂ ಆಗುವ ಮೊದಲೇ ಹೇಳಿಡಿ: "ಆನ್‌ಲೈನಲ್ಲಿ ಯಾರಾದರೂ ಹೆದರಿಸಿದರೆ ಬಂದು ಹೇಳು. ನೀನೇ ಫೋಟೋ ಕಳಿಸಿದ್ದರೂ ಪರವಾಗಿಲ್ಲ. ಅದಕ್ಕೆ ಫೋನ್ ಕಿತ್ತುಕೊಳ್ಳಲ್ಲ." ಅಂಥದ್ದು ನಡೆದರೆ ದುಡ್ಡು ಕೊಡಬೇಡಿ. ಮೆಸೇಜ್‌ಗಳನ್ನು ಅಳಿಸದೆ ಉಳಿಸಿಕೊಳ್ಳಿ. ಆ ಖಾತೆಯನ್ನು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.

ಕೊನೆಯದಾಗಿ, ಎಲ್ಲ ಮೌನವೂ ವಯಸ್ಸಿನದಲ್ಲ. ಎರಡು ವಾರ ಆದರೂ ಮಂಕು ಕಳೆಯಲಿಲ್ಲ, ಊಟ ನಿದ್ದೆ ಕೆಟ್ಟಿದೆ, ಪ್ರಾಣದಂಥ ಗೆಳೆಯರನ್ನೂ ದೂರ ಮಾಡಿದ್ದಾರೆ ಅಂದರೆ ಡಾಕ್ಟರನ್ನು ಅಥವಾ ಆಪ್ತಸಲಹೆಗಾರರನ್ನು ಕಾಣಿ. "ನಾನಿಲ್ಲದಿದ್ದರೇ ಒಳ್ಳೆಯದು" ಅನ್ನುವ ಮಾತು ಬಂದರೆ, ಮೈಮೇಲೆ ತಾವೇ ಮಾಡಿಕೊಂಡ ಗಾಯ ಕಂಡರೆ, ಅವತ್ತೇ ಹೋಗಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮಾತ್ರೆ, ವಿಷದಂಥ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ. ಡಾಕ್ಟರ ಹತ್ತಿರ ಮಗು ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಲಿ, ನೀವು ಹೊರಗೆ ಕೂತಿರಿ. ಆಚೆ ಬಂದ ಮೇಲೆ "ಒಳಗೆ ಏನೇನು ಹೇಳಿದೆ?" ಅಂತ ಕೆದಕಬೇಡಿ.